ನೀರಿನ ಉಪಚಾರ

ಕಡಲ ತಳದ ಪೈಪಿನಲ್ಲಿ ಗ್ಯಾಸಿನ ಕಣವೊಂದು ದಡದ ಊರಿನ ಒಲೆಗಳಿಗೆ ಹೊರಟಿತ್ತು. ಅಲ್ಲಿ ಚಳಿ ಕೊರೆಯುತ್ತಿತ್ತು, ಒತ್ತಡವೂ ವಿಪರೀತವಾಗಿತ್ತು. ಪೈಪಿನ ತಗ್ಗಿನಲ್ಲಿ ಉಳಿದಿದ್ದ ನೀರಿನ ಕಣಗಳು ಅದನ್ನು ತಡೆದವು.

"ಇಷ್ಟು ದೂರ ಬಂದು ಹಾಗೇ ಹೋಗುವುದುಂಟೇ? ಒಂದು ಗಳಿಗೆ ಕೂತು ಹೋಗಿ."

ಗ್ಯಾಸು ಕೂತಿತು. ನೀರಿನ ಕಣಗಳು ಕೈಕೈ ಹಿಡಿದು ಸುತ್ತ ನಿಂತವು. ಅದು ಏಳಲು ಹೋದಾಗ ನಾಲ್ಕೂ ಕಡೆ ಮಂಜುಗಡ್ಡೆಯಂಥ ಪಂಜರವಿತ್ತು. ಹಿಂದೆ ಬಂದ ಗ್ಯಾಸಿಗೂ ಅದೇ ಉಪಚಾರವಾಯಿತು. ಪಂಜರಕ್ಕೆ ಪಂಜರ ಅಂಟಿ ದೊಡ್ಡ ಗಡ್ಡೆಯಾಗಿ ಪೈಪೇ ಕಟ್ಟಿಕೊಂಡಿತು. ದಡದಲ್ಲಿ ಒಲೆಗಳು ಆರಿದವು.

"ಬಿಡಿ, ನನಗೆ ಕೆಲಸವಿದೆ," ಎಂದಿತು ಗ್ಯಾಸು.

"ಬಂದವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ನಾವೀಗ ಎಷ್ಟು ಗಟ್ಟಿ ನೋಡಿ!"

"ನೋಡಿದೆ. ಆದರೂ ನಾನು ಹೋಗಿಯೇ ಹೋಗುತ್ತೇನೆ," ಎಂದು ಗ್ಯಾಸು ಒಳಗಿನಿಂದ ತಳ್ಳತೊಡಗಿತು. ತಳ್ಳುವುದನ್ನು ನಿಲ್ಲಿಸಲೇ ಇಲ್ಲ.

ದಡದಲ್ಲಿ ವಾಲ್ವ್ ನೋಡಿಕೊಳ್ಳುವ ದೂಮಪ್ಪನಿಗೆ ಪೈಪು ಕಟ್ಟಿದ್ದು ತಿಳಿಯಿತು. "ಒಂದೇ ಕಡೆ ಒತ್ತಡ ಇಳಿಸಿದರೆ ಗಡ್ಡೆ ಗುಂಡಿನ ಹಾಗೆ ಹಾರಿ ಪೈಪನ್ನೇ ಒಡೆದೀತು," ಎಂದು ಅವನು ಗಡ್ಡೆಯ ಎರಡೂ ಕಡೆಯ ಒತ್ತಡವನ್ನು ಮೆಲ್ಲಮೆಲ್ಲಗೆ ಇಳಿಸಿದ. ಒತ್ತಡ ಇಳಿದಂತೆ ಪಂಜರದಲ್ಲಿ ಒಂದು ಕೈ ಸಡಿಲವಾಯಿತು. ಗ್ಯಾಸು ಆ ಸಂದಿನಲ್ಲೇ ನುಗ್ಗಿ ಹೊರಬಿತ್ತು. ಖಾಲಿಯಾದ ಪಂಜರ ಕುಸಿದು ಮತ್ತೆ ನೀರಾಯಿತು.

"ಅಯ್ಯೋ, ಇನ್ನೊಂದು ಗಳಿಗೆ ಕೂತು ಹೋಗಿ!" ಎಂದವು ಪೈಪಿನ ತಳಕ್ಕೆ ಬಿದ್ದ ನೀರಿನ ಕಣಗಳು.

ಗ್ಯಾಸು ತಿರುಗಿ ನೋಡಲಿಲ್ಲ. "ನಾನು ಕೂತರೆ ತಾನೇ ನೀವು ನಿಲ್ಲುವುದು," ಎನ್ನುತ್ತ ಒಲೆಯ ಕಡೆಗೆ ಹೊರಟಿತು.