ಪರಪ್ಪನವರ ತಾಟು

ಹೊಳೆಯ ದಂಡೆಯ ಮೇಲೆ ನಿರುಪಾಧಿ ಅಜ್ಜನವರ ಆಶ್ರಮ. ಅಲ್ಲಿ ಬೋರ್ಡಿಲ್ಲ, ನಿಯಮಗಳ ಪಟ್ಟಿಯೂ ಇಲ್ಲ. ಇದ್ದದ್ದು ಒಂದೇ ರೂಢಿ. ಪಂಕ್ತಿಯಲ್ಲಿ ಕೂತವರಲ್ಲಿ ಕೊನೆಯವರ ಊಟ ಮುಗಿಯುವ ತನಕ ಯಾರೂ ತಾಟು ಎತ್ತುವಂತಿಲ್ಲ.

ಆ ಕೊನೆಯವರು ಯಾವಾಗಲೂ ಪರಪ್ಪನವರೇ. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸಿದ ಮುದುಕ. ಬಾಯಲ್ಲಿ ಹಲ್ಲಿಲ್ಲ. ರೊಟ್ಟಿ ಮುರಿದು ಸಾರಿನಲ್ಲಿ ಹಾಕಿ, ಅದು ನೆನೆಯುವುದನ್ನು ಕಾಯುತ್ತ ಕೂರುತ್ತಿದ್ದರು. ಅಜ್ಜನವರ ಊಟವೂ ಅಷ್ಟೇ ನಿಧಾನ. ಅವರ ಹಲ್ಲು ಮಾತ್ರ ಗಟ್ಟಿಯಾಗಿದ್ದವು.

ಚೆನ್ನಮಲ್ಲ ಅಜ್ಜನವರ ಶಿಷ್ಯ. ಮೊದಲು ಪಟ್ಟಣದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು. ಕೆಲಸ ಬಿಟ್ಟು ಬಂದಿದ್ದ. ಪಾಠ ಹೇಳುವ ಚಟ ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಒಂದು ದಿನ ಆ ಕಾಲೇಜಿನ ಮೇಷ್ಟ್ರುಗಳು ಆಶ್ರಮ ನೋಡಲು ಬಂದರು. ಅವನು ಕೆಲಸ ಬಿಟ್ಟಾಗ ಬೆನ್ನ ಹಿಂದೆ ನಕ್ಕವರು ಇವರೇ. ಊಟವಾದ ಮೇಲೆ ಅಜ್ಜನವರಿಂದ ನಾಲ್ಕು ಮಾತು ಕೇಳುವ ಆಸೆ ಎಂದರು.

"ನೀನ ಹೇಳು ತಮ್ಮಾ," ಎಂದರು ಅಜ್ಜ ಚೆನ್ನಮಲ್ಲನಿಗೆ. "ನಂದು ಇವತ್ತ ಉಪವಾಸ. ಪಂಕ್ತಿಯೊಳಗ ನನ್ನ ಜಾಗಾದಾಗ ಕುಂದರು."

ಚೆನ್ನಮಲ್ಲನಿಗೆ ಅನ್ನ ಬೇಕಿರಲಿಲ್ಲ, ಸಭೆ ಬೇಕಿತ್ತು. ತಲೆಯ ತುಂಬ ಮಾತು ಕುದಿಯುತ್ತಿತ್ತು. ನಾಲ್ಕು ತುತ್ತಿನಲ್ಲಿ ಊಟ ಮುಗಿಸಿದ. ಅತಿಥಿಗಳ ತಾಟೂ ಬರಿದಾದವು. ಎಲ್ಲರೂ ಅವನ ಮುಖ ನೋಡತೊಡಗಿದರು.

ಸಾಲಿನ ತುದಿಯಲ್ಲಿ ಪರಪ್ಪನವರು ಆಗಷ್ಟೇ ಎರಡನೆಯ ರೊಟ್ಟಿ ಮುರಿದು ಸಾರಿನಲ್ಲಿ ಹಾಕಿದ್ದರು. ಚೆನ್ನಮಲ್ಲ ಅದನ್ನು ನೋಡಿದ. ನೋಡಿ, ತಾಟು ಹಿಡಿದು ಎದ್ದ.

ಅಜ್ಜನವರ ಜಾಗದಲ್ಲಿ ಕೂತವನು ಎದ್ದರೆ ಸಾಲೆಲ್ಲ ಏಳಲೇಬೇಕು, ಎದ್ದಿತು. ಪರಪ್ಪನವರೂ ಎದ್ದರು. ಸಾರಿನಲ್ಲಿದ್ದ ರೊಟ್ಟಿಯನ್ನು ಕೊಟ್ಟಿಗೆಯ ಆಕಳ ಮುಂದೆ ಸುರಿದು, ಬಾಯಿ ಒರೆಸಿಕೊಂಡು, ಸಭೆಯ ಹಿಂದೆ ಹೋಗಿ ಕೂತರು.

ವಯಸ್ಸಾದವರು, ಹೊಟ್ಟೆ ತುಂಬಿರಬೇಕು ಎಂದು ಚೆನ್ನಮಲ್ಲ ತನಗೆ ತಾನೇ ಹೇಳಿಕೊಂಡ.

ಮಾತು ಭರ್ಜರಿಯಾಗಿಯೇ ಬಂತು.

"ಕಂಪನಿ ಅಂತೀವಿ. ವ್ಯಾಪಾರಕ್ಕ ಬಂದು ರಾಜ್ಯ ಆಳಿದ್ದೂ ಕಂಪನಿ. ಪಗಾರ ಕೊಡೋದೂ ಕಂಪನಿ. ಸೈನ್ಯದ ತುಕಡಿಗೂ ಕಂಪನಿ ಅಂತಾರ. ಊರೂರಿಗೆ ಡೇರೆ ಹಾಕಿದ ನಾಟಕದವರೂ ಕಂಪನಿ. ಚಾ ಕುಡಿಯೋಣ, ಕಂಪನಿ ಕೊಡು ಬಾ ಅಂತ ಗೆಳೆಯಾನೂ ಕರೀತಾನ. ಇವಕ್ಕೆಲ್ಲಾ ಬೇರು ಯಾವುದು? ಲ್ಯಾಟಿನ್. 'ಕಾಮ್' ಅಂದ್ರ ಕೂಡಿ. 'ಪಾನಿಸ್' ಅಂದ್ರ ರೊಟ್ಟಿ. ಕೂಡಿ ರೊಟ್ಟಿ ಉಣ್ಣೋರು!"

ಚಪ್ಪಾಳೆ ಬಿತ್ತು. ಹಿಂದೆ ನಕ್ಕವರು ಬಂದು ಕೈ ಕುಲುಕಿದರು. ಅವರ ಗಾಡಿ ಕಣ್ಮರೆಯಾದ ಮೇಲೆ ಚೆನ್ನಮಲ್ಲ ಹಿಗ್ಗಿನಿಂದ ಅಜ್ಜನವರ ಹತ್ತಿರ ಬಂದ.

"ಛಲೋ ಹೇಳಿದಿ," ಎಂದರು ಅಜ್ಜ. "ರೊಟ್ಟಿಗೆ ಏನ ಅಂತಾರಂದಿ?"

"ಪಾನಿಸ್‌ರೀ ಅಜ್ಜಾರ."

"ಪಾನಿಸ್." ಅಜ್ಜನವರು ಕೊಟ್ಟಿಗೆಯ ಕಡೆ ನೋಡಿದರು. "ನಮ್ಮ ಆಕಳಿಗೆ ಇವತ್ತ ಅದು ಸಿಕ್ತು."

ಚೆನ್ನಮಲ್ಲನ ಮುಖ ಸುಟ್ಟಂತಾಯಿತು. ಅಜ್ಜನವರು ಉತ್ತರಕ್ಕೆ ಕಾಯದೆ ಹೊಳೆಯ ಕಡೆ ನಡೆದರು.

ಮರುದಿನ ಪಂಕ್ತಿ ಕೂತಿತು. ಸಾಲಿನ ತುದಿ ಖಾಲಿ.

"ಪರಪ್ಪನವರು ಎಲ್ಲಿ?" ಎಂದರು ಅಜ್ಜ.

"ಇನ್ನ ಮ್ಯಾಲೆ ತಮ್ಮ ಖೋಲ್ಯಾಗ ಉಣ್ತಾರಂತ್ರೀ," ಎಂದಳು ಬಡಿಸುತ್ತಿದ್ದ ನೀಲವ್ವ. "ಪಂಕ್ತಿಗೆ ಬರಂಗಿಲ್ಲಂತ."

ಅಜ್ಜನವರು ಮುರಿದ ರೊಟ್ಟಿಯನ್ನು ತಿರುಗಿ ತಾಟಿಗೆ ಇಟ್ಟರು. "ಅವರ ತಾಟು ಹಚ್ಚವಾ."

ಖಾಲಿ ಜಾಗದ ಮುಂದೆ ನೀಲವ್ವ ತಾಟಿಗೆ ರೊಟ್ಟಿ, ಸಾರು ಬಡಿಸಿ ಇಟ್ಟಳು. ಅಜ್ಜನವರು ಕೈ ಕಟ್ಟಿ ಕೂತರು. ಸಾಲಿನಲ್ಲಿ ಯಾರೂ ಊಟಕ್ಕೆ ಕೈ ಹಾಕಲಿಲ್ಲ. ಸಾರು ಆರತೊಡಗಿತು. ಅಜ್ಜನವರು ಬೈದರೆ ಸಾಕಿತ್ತು ಅನ್ನಿಸಿತು ಚೆನ್ನಮಲ್ಲನಿಗೆ. ಅವರು ಅವನ ಕಡೆ ನೋಡಲೂ ಇಲ್ಲ.

ಅವನು ಎದ್ದು ಪರಪ್ಪನವರ ಕೋಣೆಗೆ ಹೋದ.

"ಬರ್ರಿ ಮಾಸ್ತರ," ಮುದುಕ ಚಾಪೆ ಸರಿಸಿ ಜಾಗ ಮಾಡಿದರು. "ನಿನ್ನಿ ನೀವು ಹೇಳಿದ್ದು ಭಾಳ ಛಂದ ಇತ್ತು. ಕೂಡಿ ರೊಟ್ಟಿ ಉಣ್ಣೋರು ಅಂತ. ನಮ್ಮ ಕಂಪನಿ ಮಂದಿಯೆಲ್ಲಾ ಕಣ್ಣ ಮುಂದ ಬಂದ್ರು."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಮಲ್ಲ ಹೇಗೋ ತಡೆದುಕೊಳ್ಳುತ್ತಿದ್ದ. ನಿಂತಲ್ಲೇ ನಾಚಿಕೆಯಿಂದ ಹಿಡಿಯಷ್ಟಾದ.

"ಊಟಕ್ಕ ಬರ್ರಿ," ಎಂದ ಹೇಗೋ.

"ನಂದೇನ ಬಿಡ್ರಿ. ಹಲ್ಲಿಲ್ಲ, ತಡಾ ಆಗ್ತದ. ನನ್ನ ಸಲುವಾಗಿ ಮಂದಿ ಕಾಯೂದು ಬರೋಬ್ಬರಿ ಅಲ್ಲ. ಇಷ್ಟ ದಿನಾ ನನಗ ತಿಳೀಲಿಲ್ಲ. ತಪ್ಪ ನಂದ."

"ಅಲ್ಲರೀ." ಚೆನ್ನಮಲ್ಲ ಚಾಪೆಯ ಅಂಚಿಗೆ ಕೂತ. "ನಿಮ್ಮ ರೊಟ್ಟಿ ಇನ್ನೂ ನೆನದಿದ್ದಿಲ್ಲ. ನಾ ನೋಡಿದ್ದೆ. ನೋಡೇ ಎದ್ದೆ."

ಪರಪ್ಪನವರು ಬಾಗಿಲಾಚೆ ಪಂಕ್ತಿಯ ಕಡೆ ನೋಡಿದರು.

"ಅಜ್ಜಾರದು ಊಟ ಆತ?"

"ಇಲ್ಲ. ಯಾರೂ ಉಂಡಿಲ್ಲ. ನಿಮ್ಮ ತಾಟು ಹಚ್ಚಿಟ್ಟು ಕುಂತಾರ."

"ಅಯ್ಯ ಶಿವನ! ನಿನ್ನಿ ಉಪವಾಸ ಇದ್ದವರು ಅವರು!" ಮುದುಕ ಬಡಿಗೆಗಾಗಿ ತಡಕಾಡಿದರು. ಚೆನ್ನಮಲ್ಲ ಅದನ್ನು ಎತ್ತಿಕೊಟ್ಟ.

ಪರಪ್ಪನವರು ತಮ್ಮ ಜಾಗದಲ್ಲಿ ಕೂತರು. ಚೆನ್ನಮಲ್ಲ ಅವರ ಪಕ್ಕದಲ್ಲಿ ಕೂತ. ಅಜ್ಜನವರು ರೊಟ್ಟಿ ಕೈಗೆತ್ತಿಕೊಂಡ ಮೇಲೆ ಸಾಲಿಗೆ ಸಾಲೇ ಉಣ್ಣತೊಡಗಿತು.

ಚೆನ್ನಮಲ್ಲನಿಗೆ ಊಟದ ಮೇಲೆ ಮನಸ್ಸಿರಲಿಲ್ಲ. ಎಲ್ಲರ ಎದುರಿಗೆ ತಪ್ಪು ಒಪ್ಪಿಕೊಂಡುಬಿಡಬೇಕು, ಇಲ್ಲದಿದ್ದರೆ ಈ ನಾಚಿಕೆ ತನ್ನನ್ನು ಬಿಡುವುದಿಲ್ಲ. ಬೇಗಬೇಗ ತಾಟು ಬರಿದು ಮಾಡಿದ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ಮೊದಲ ವಾಕ್ಯ ಚೆನ್ನಾಗಿಯೇ ಬಂದಿತ್ತು.

"ಅಜ್ಜಾರ," ಎಂದು ಅರ್ಧ ಎದ್ದ. "ಎಲ್ಲಾರ ಮುಂದ ಒಂದು ಮಾತು ಹೇಳಬೇಕು. ನಿನ್ನಿ ನಾ..."

ಅಜ್ಜನವರು ತಮ್ಮ ತಾಟಿನಲ್ಲಿ ಉಳಿಸಿಕೊಂಡಿದ್ದ ಕೊನೆಯ ತುತ್ತನ್ನು ಬೆರಳಿನಿಂದ ಆಚೀಚೆ ಸರಿಸಿದರು.

"ಕುಂದರು ತಮ್ಮಾ. ಪರಪ್ಪನವರು ಇನ್ನೂ ಉಣ್ಣಾಕತ್ತಾರ."