ಬೀರುವಿನೊಳಗಿನ ಹಾರ್ಮೋನಿಯಂ

ಕುಂಬಾರಗೇರಿಯ ಕಲಾಸಂಘಕ್ಕೆ ಸರ್ಕಾರದ ಅನುದಾನದಿಂದ ಒಂದು ಹಾರ್ಮೋನಿಯಂ ಬಂತು. ಕಾರ್ಯದರ್ಶಿ ಮಹಾರುದ್ರಪ್ಪನವರು ಅದರ ಮೇಲೆ ಬಿಳಿ ಬಣ್ಣದಲ್ಲಿ ಇಲಾಖೆಯ ಹೆಸರು ಬರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಶನಿವಾರ ಸಂಜೆ ಹಾಡಲು ಬಂದ ಚೌಡಮ್ಮ ಕೇಳಿದಳು, "ಇವತ್ತೊಂದು ದಿನ ಕೊಡಿ, ಸ್ವಾಮಿ."

"ಮೂರು ವರ್ಷ ಅಲೆದು ತಂದಿದ್ದೇನೆ ತಾಯಿ. ತಪಾಸಣೆ ಮುಗಿಯಲಿ."

ಕೇರಿಯವರು ಎಂದಿನಂತೆ ಡಬ್ಬದ ಮೇಲೆ ತಾಳ ತಟ್ಟಿ ಹಾಡತೊಡಗಿದರು.

"ಅಣ್ಣಾ, ಬಾಗಿಲು ತೆಗೆ. ಅವರಿಗೆ ಶ್ರುತಿ ಬೇಕು," ಎಂದಿತು ಹಾರ್ಮೋನಿಯಂ.

"ತೆಗೆಯುವಂತಿಲ್ಲ," ಎಂದಿತು ಬೀಗ. "ನೀನು ಸರ್ಕಾರದ ಸ್ವತ್ತು. ತಪಾಸಣೆಗೆ ಇಲಾಖೆಯ ಸಾಹೇಬರು ಬಂದಾಗ ಮೈಮೇಲೆ ಒಂದು ಗೀರೂ ಇರಕೂಡದು."

"ನನ್ನನ್ನು ಕೊಟ್ಟಿದ್ದು ಇವರು ಹಾಡಲಿ ಎಂದಲ್ಲವೇ?"

"ಹಾಗೆಂದು ಅರ್ಜಿಯಲ್ಲಿತ್ತು. ಅರ್ಜಿ ಮಂಜೂರಾಯಿತಲ್ಲ, ಅಲ್ಲಿಗೆ ಅದರ ಕೆಲಸ ಮುಗಿಯಿತು."

ವರ್ಷ ಕಳೆದು ಸಾಹೇಬರು ಬಂದರು. ಈಗಲಾದರೂ ಯಾರಾದರೂ ನುಡಿಸಿಯಾರು ಎಂದು ಹಾರ್ಮೋನಿಯಂ ಉಸಿರು ಬಿಗಿಹಿಡಿದು ಕಾಯಿತು. ಸಾಹೇಬರು ಬಿಳಿ ಅಕ್ಷರಗಳನ್ನು ಓದಿ, ಮೇಲೊಮ್ಮೆ ಕೈಯಾಡಿಸಿದರು.

"ಅಂಗಡಿಯಿಂದ ಈಗಷ್ಟೇ ತಂದ ಹಾಗಿದೆ. ಇಷ್ಟು ಜೋಪಾನ ಮಾಡಿದ ಸಂಘವನ್ನು ನಾನು ನೋಡಿಲ್ಲ, ಮಹಾರುದ್ರಪ್ಪನವರೇ," ಎಂದರು. ಮೆಚ್ಚಿ, ಇನ್ನೊಂದನ್ನು ಮಂಜೂರು ಮಾಡಿಸಿದರು.

ಎರಡನೆಯ ಹಾರ್ಮೋನಿಯಂ ಕೂಡ ಅದೇ ಬೀರು ಸೇರಿತು. ಬೀಗ ಬಿತ್ತು.

"ಇಲ್ಲಿ ಹಾಡುವುದು ಯಾವತ್ತು, ಅಕ್ಕಾ?" ಎಂದು ಹೊಸದು ಕೇಳಿತು.

"ಪ್ರತಿ ಶನಿವಾರ," ಎಂದಿತು ಹಳೆಯದು. "ಮಾತಾಡದೆ ಕೂತರೆ ಇಲ್ಲಿಗೂ ಕೇಳಿಸುತ್ತದೆ."