ಮಗ್ಗದ ಮನೆಯ ತೊಲೆ

“ಗುರುಗಳೇ, ಒಂದು ಕಟ್ಟಡದ ಬಗ್ಗೆ ಲೆಕ್ಕ ಒಂದು ಹೇಳಿ, ಅಲ್ಲಿ ಬಾಳಿದವರ ನೆನಪು ಮತ್ತೊಂದು ಹೇಳಿದರೆ, ಕಟ್ಟುವವನು ಯಾವುದನ್ನು ನಂಬಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಹೊಳೆಯ ದಡದಲ್ಲಿ ನೇಕಾರರ ಊರೊಂದಿತ್ತು. ಊರಿಗೆಲ್ಲ ಒಂದೇ ಮಗ್ಗದ ಮನೆ. ಒಂದು ವರ್ಷ ಹೊಳೆ ಉಕ್ಕಿ ಅದರ ಗೋಡೆಗಳನ್ನು ಕೊಚ್ಚಿಕೊಂಡು ಹೋಯಿತು. ನೇಕಾರರು ಚದುರಿಹೋದರು. ಎಪ್ಪತ್ತು ವರ್ಷಗಳ ಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಮರಳಿ ಬಂದರು. ಆ ಮನೆ ಇದ್ದಂತೆಯೇ ಮತ್ತೆ ಏಳಬೇಕೆಂದು ಮೋನಪ್ಪ ಎಂಬ ಶಿಲ್ಪಿಯನ್ನು ಕರೆಸಿದರು.

ತಳಪಾಯದ ಕಲ್ಲುಗಳು ಉಳಿದಿದ್ದವು. ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಗಳೂ ಉಳಿದಿದ್ದವು. ಉದ್ದ ಅಗಲ ಸಿಕ್ಕಿತು. ಎತ್ತರ ಮಾತ್ರ ಯಾರಿಗೂ ತಿಳಿಯದು. ಆ ಮನೆಯನ್ನು ಕಂಡವರಲ್ಲಿ ಬದುಕಿದ್ದವಳು ಬನವ್ವ ಎಂಬ ಮುದುಕಿ ಒಬ್ಬಳೇ. ಮೋನಪ್ಪ ಅವಳನ್ನು ಕೇಳಿದ.

“ದಕ್ಷಿಣಕ್ಕೆ ಕಿಟಕಿ. ಅದರ ನೆತ್ತಿಗೇ ತೊಲೆ,” ಎಂದಳು ಬನವ್ವ. “ವರ್ಷದ ಅತಿ ಚಿಕ್ಕ ಹಗಲಿನಂದು ಮಧ್ಯಾಹ್ನದ ಬಿಸಿಲು ಅಪ್ಪನ ಕುಣಿಯ ಅಂಚು ಮುಟ್ಟಿ ನಿಲ್ಲುತ್ತಿತ್ತು. ಅಪ್ಪ ಲಾಳಿ ಕೆಳಗಿಟ್ಟು ನನ್ನನ್ನು ಕರೆದು ತೋರಿಸುತ್ತಿದ್ದ. ತೊಲೆ ಎರಡಾಳೆತ್ತರದಲ್ಲಿತ್ತಪ್ಪ. ನೋಡಿ ನೋಡಿ ಕತ್ತು ನೋಯುತ್ತಿತ್ತು.”

ಮೋನಪ್ಪ ಆ ದಿನಕ್ಕಾಗಿ ಎರಡು ತಿಂಗಳು ಕಾದ. ಮಧ್ಯಾಹ್ನಕ್ಕೆ ಐದು ಗೇಣಿನ ಕೋಲು ನೆಟ್ಟ. ನೆರಳು ನಾಲ್ಕು ಗೇಣು ಬಿತ್ತು. ದಕ್ಷಿಣದ ತಳಪಾಯದಿಂದ ಬನವ್ವ ತೋರಿಸಿದ ಅಪ್ಪನ ಕುಣಿಯ ಅಂಚಿಗೆ ನಾಲ್ಕು ಮೊಳ. ಹಾಗಾದರೆ ಕಿಟಕಿಯ ನೆತ್ತಿ ಐದು ಮೊಳ. ತೊಲೆಯೂ ಅಲ್ಲೇ. ಒಂದಾಳಿನ ಮೇಲೆ ಒಂದೂವರೆ ಮೊಳ, ಅಷ್ಟೇ.

“ಅಷ್ಟು ಗಿಡ್ಡ ಮನೆಯಲ್ಲ ಅದು,” ಎಂದು ಬನವ್ವ ಅತ್ತಳು. ಮುದುಕಿಯ ಮನಸ್ಸು ನೋಯಿಸುವುದು ಬೇಡ, ಅವಳು ಹೇಳಿದಷ್ಟು ಎತ್ತರಿಸು ಎಂದು ಊರವರು ಬೇಡಿಕೊಂಡರು. ಮೋನಪ್ಪ ಯೋಚಿಸಿದ. ಎತ್ತರಿಸಿದರೆ ಬಿಸಿಲು ಕುಣಿಯನ್ನು ದಾಟಿ ಹೋಗುತ್ತದೆ. ಅವಳ ಒಂದು ನೆನಪನ್ನು ಉಳಿಸಲು ಇನ್ನೊಂದನ್ನು ಕೆಡಿಸಬೇಕು. ಅವನು ಲೆಕ್ಕದಂತೆಯೇ ಕಟ್ಟಿದ. ಆ ವರ್ಷವಿಡೀ ಬನವ್ವ ಅವನೊಡನೆ ಮಾತಾಡಲಿಲ್ಲ.

ಮರುವರ್ಷ ಅದೇ ಚಿಕ್ಕ ಹಗಲಿನಂದು ಊರವರು ಅವಳನ್ನು ಕರೆತಂದರು. ಅವಳು ಬಾಗಿಲಲ್ಲೇ ನಿಂತು ತೊಲೆ ನೋಡಿದಳು. “ಇದು ಅದಲ್ಲ,” ಎಂದು ಹೊರಡಲು ತಿರುಗಿದಳು.

“ಅವ್ವಾ, ಹೊಳೆ ಬಂದಾಗ ನಿಮಗೆ ವಯಸ್ಸೆಷ್ಟು?” ಎಂದು ಮೋನಪ್ಪ ಕೇಳಿದ.

“ಐದು.”

ಮೋನಪ್ಪ ಅವಳ ಕೈಹಿಡಿದು ಒಳಗೆ ಕರೆದೊಯ್ದ. ಅವಳ ಅಪ್ಪನ ಕುಣಿಯ ಪಕ್ಕದಲ್ಲಿ, ನೆಲದ ಮೇಲೆ ಕೂರಿಸಿದ. ಅವಳ ಕಣ್ಣು ಮಗುವೊಂದರ ಕಣ್ಣಿನ ಎತ್ತರಕ್ಕೆ ಇಳಿಯಿತು. ಬಿಸಿಲು ಮೆಲ್ಲಗೆ ಸರಿದು ಬಂದು ಕುಣಿಯ ಅಂಚಿನಲ್ಲಿ ನಿಂತಿತು. ಬನವ್ವ ಕತ್ತೆತ್ತಿ ತೊಲೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಖಾಲಿ ಕುಣಿಯ ಕಡೆ ತಿರುಗಿ, “ಅಪ್ಪಾ, ಬಿಸಿಲು ಬಂತು,” ಎಂದಳು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅವಳ ನೆನಪು ತಪ್ಪಾಗಿತ್ತೇ?” ಎಂದ ಶಿಷ್ಯ.

“ಅವಳ ಅಳತೆ ಸರಿಯಾಗಿಯೇ ಇತ್ತು, ಅಳೆದ ಕೋಲು ಆಮೇಲೆ ಬೆಳೆಯಿತು,” ಎಂದರು ಗುರುಗಳು.